ಪೂರ್ವಕ್ಕೂ ಪಶ್ಚಿಮಕ್ಕೂ ಇದ್ದ ಲಂಕೆ

ಲಂಕೆಯವರ ಪಕ್ಕದ ಖೋಲಿಯಲ್ಲಿ ಎಂದಾದರೂ ಸಂಸಾರ ಮಾಡಿದ್ದೀರಾ? ನಾನು ಮಾಡಿದ್ದೇನೆ, ವಡಾಲದ ಚಾಳಿನಲ್ಲಿ, ಪೂರಾ ಎರಡು ವರ್ಷ. ಈ ಫೋನು ನಂಬುತ್ತಿಲ್ಲ, ಲಂಕೆ ಎಂದು ಒತ್ತಿದರೆ ಲಂಗ ಎಂದು ಬರೆಯುತ್ತದೆ. ಅದರ ಮೇಲೂ ನನಗೆ ಒಂದು ಕಣ್ಣಿದೆ.

ಮೊನ್ನೆ ಮೊಮ್ಮಗಳು ದಾದರ್‌ನಿಂದ ಒಂದು ಡಬ್ಬಿ ಸಿಹಿ ತಂದಳು. ಕಾಗದದಷ್ಟು ತೆಳ್ಳಗಿನ ಅಕ್ಕಿ ಹಾಳೆಯ ಸುರುಳಿ, ಒಳಗೆ ಸಕ್ಕರೆ, ತುಪ್ಪ. ಮುಚ್ಚಳ ತೆಗೆದದ್ದೇ ತುಪ್ಪದ ವಾಸನೆ ಬಂತು. ಅದರ ಹಿಂದೆಯೇ ಆ ಪಕ್ಕದ ಖೋಲಿಯವರು ನೆನಪಿಗೆ ಬಂದರು...

ಗಂಡ ಬೈಕುಲ್ಲಾಕ್ಕೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಗಂಡ, ಹೆಂಡತಿ ಇಬ್ಬರೇ. ಬಂದ ದಿನವೇ ಊರು ಕೇಳಿದೆ.

"ಅಕ್ಕಾ, ಮೇರಾ ಗಾಂವ್ ಲಂಕಾ," ಅಂದರು.

ನಾನು ಒಳಗೆ ಬಂದು ಚಿಲಕ ಹಾಕಿಕೊಂಡೆ. ಆಗ ಪೇಪರಿನ ತುಂಬ ಸಮುದ್ರದಾಚೆಯ ಲಂಕೆಯ ಬಡಿದಾಟದ ಸುದ್ದಿ. ಅಂದಿನಿಂದ ನನ್ನ ಕಿವಿ ಅವರ ಗೋಡೆಯ ಕಡೆಗೇ. ಮನೆಯಲ್ಲಿ ತೆಲುಗು ಮಾತಾಡುತ್ತಿದ್ದರು. ಲಂಕೆಯವರಿಗೆ ತೆಲುಗು ಯಾರು ಕಲಿಸಿದರು ಎಂದು ಅದಕ್ಕೂ ಅನುಮಾನ ಪಟ್ಟೆ.

ಅವರಿಗೆ ರೇಷನ್ ಕಾರ್ಡ್ ಇರಲಿಲ್ಲ. ಕಾರ್ಡಿಲ್ಲದೆ ಸೀಮೆಎಣ್ಣೆ ಇಲ್ಲ. ಆಕೆ ಕಟ್ಟಿಗೆ ಚೂರು ಉರಿಸಿ, ಹೊಗೆಯಲ್ಲಿ ಕೆಮ್ಮುತ್ತ ಅಡುಗೆ ಮಾಡುತ್ತಿದ್ದಳು. ಕೊನೆಗೊಮ್ಮೆ ಆಕೆಯ ಗಂಡ ಅರ್ಜಿ ಹಿಡಿದು ನನ್ನ ಹೊಸ್ತಿಲಿಗೆ ಬಂದರು, ಪರಿಚಯದವರೊಬ್ಬರ ಸಹಿ ಬೇಕಂತೆ. ಜೊತೆಗಿದ್ದ ಕಾಗದಗಳನ್ನು ಅಕ್ಷರ ಕೂಡಿಸಿ ಓದಿದೆ. ಊರು ಒಂದೇ. ಆದರೆ ಒಂದರಲ್ಲಿ ಪೂರ್ವ ಗೋದಾವರಿ ಜಿಲ್ಲೆ, ಇನ್ನೊಂದರಲ್ಲಿ ಪಶ್ಚಿಮ ಗೋದಾವರಿ ಜಿಲ್ಲೆ. ಸಿಕ್ಕಿಬಿದ್ದ ಎಂದುಕೊಂಡೆ.

ನನ್ನ ಮುಖ ನೋಡಿ ಅವರು ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕ್‌ಪೀಸು ತೆಗೆದು, ನನ್ನ ನೆಲದ ಮೇಲೆಯೇ ಹೊಳೆ ಬರೆದರು. ಸಮುದ್ರ ಹತ್ತಿರವಾದಂತೆ ಗೋದಾವರಿ ಬೆರಳು ಬಿಚ್ಚಿದ ಹಾಗೆ ಕವಲೊಡೆಯುತ್ತದೆ. ಕವಲುಗಳ ನಡುವಿನ ಮಣ್ಣದಿಬ್ಬಕ್ಕೆ ಅವರ ಕಡೆ ಲಂಕ ಎಂದೇ ಹೆಸರು. ಹೊಳೆಯೇ ಎರಡು ಜಿಲ್ಲೆಗಳ ಗಡಿ. ಒಂದು ಮಹಾಪೂರದಲ್ಲಿ, ಊರಿನ ಆಚೆ ಹರಿಯುತ್ತಿದ್ದ ಹೊಳೆ ಈಚೆಗೆ ಬಂತು, ಊರು ಪೂರ್ವದವರ ದಫ್ತರದಿಂದ ಪಶ್ಚಿಮದವರ ದಫ್ತರಕ್ಕೆ ಹೋಯಿತು. ಓಟು ಒಂದು ದಡದಲ್ಲಿ, ಹೊಲದ ಕಾಗದ ಇನ್ನೊಂದು ದಡದಲ್ಲಿ. ಒಂದು ಸಹಿಗೆಂದು ದೋಣಿಯಲ್ಲಿ ಹೋದರೆ, ಇದು ಆಚೆ ದಡದ ಕಚೇರಿಯ ಕೆಲಸ ಎಂದು ತಿರುಗಿ ಕಳಿಸುತ್ತಿದ್ದರಂತೆ. ಹೀಗೆ ಓಡಾಡುತ್ತಿರುವಾಗಲೇ ಊರು ಅಂಚಿನಿಂದ ಕುಸಿಯುತ್ತ ಹೊಳೆಗೆ ಸೇರಿತಂತೆ...

"ನಾವು ಅಲ್ಲೇ ಇದ್ವಿ ಅಕ್ಕಾ, ಹೊಳಿ ಸರದಾಡ್ತು," ಅಂದರು, ನನ್ನಿಂದಲೇ ಕಲಿತ ಕನ್ನಡದಲ್ಲಿ.

ನಾನು ಸಹಿ ಮಾಡಲಿಲ್ಲ. ಇಷ್ಟು ಚೆಂದ ಕಥೆ ಹೇಳುವವರನ್ನು ನಂಬುವುದು ಹೇಗೆ? ಅವರು ಎದ್ದು ಹೋದದ್ದೇ ಒದ್ದೆ ಅರಿವೆ ತಂದು ಗೋದಾವರಿಯನ್ನು ಒರೆಸಿದೆ. ಮುಂದಿನ ವಾರ ರೇಷನ್ ಕಚೇರಿಯ ಸಾಹೇಬರು ವಿಚಾರಣೆಗೆ ಬಂದಾಗ, ನನ್ನನ್ನು ಕೇಳದಿದ್ದರೂ ನಡುವೆ ಬಾಯಿ ಹಾಕಿದೆ.

"ಸಾಹೇಬ್ರ, ಒಂದ್ ಊರಿಗೆ ಎಷ್ಟ್ ಜಿಲ್ಲಾ ಇರ್ತಾವ್ರಿ?"

ಸಾಹೇಬರು ನಕ್ಕು ಫೈಲು ಮುಚ್ಚಿದರು. ಕಾರ್ಡ್ ಬರಲಿಲ್ಲ. ಎರಡು ತಿಂಗಳಲ್ಲಿ ಅವರು ಖೋಲಿ ಬಿಟ್ಟರು. ಹೋಗುವ ಮುಂಚೆ ಆಕೆ ಕೆಮ್ಮುತ್ತಲೇ ಬಂದು, ತವರಿನಿಂದ ಬಂದ ಇದೇ ಸಿಹಿಯ ಎರಡು ಸುರುಳಿ ಕೈಗಿಟ್ಟಳು. ಕಾಗದದಂತಿದೆ, ಒಳಗೇನಿದೆಯೋ ಎಂದು ಮೋರಿಗೆ ಚೆಲ್ಲಿದೆ. ಎಲ್ಲಿಗೆ ಹೋದರೋ, ಚಾಳಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ...

ಮೊನ್ನೆ ಮೊದಲ ಸಲ ಅದನ್ನು ಬಾಯಿಗಿಟ್ಟೆ. ಅಗಿಯುವ ಮೊದಲೇ ಕರಗಿತು. ಇನ್ನೊಂದು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಕೇಳಿ ಮುಗಿಸಿ, ನನಗೆ ಹಿರಿಯ ನಾಗರಿಕರ ಕಾರ್ಡು ಮಾಡಿಸುವ ಅರ್ಜಿ ತುಂಬಲು ಕುಳಿತಳು.

ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ಬಿಜಾಪುರ ಜಿಲ್ಲೆ. ಆಮೇಲಿನ ಕಾಗದಗಳಲ್ಲಿ ಬಾಗಲಕೋಟೆ. ನಾನೇನು ಮಾಡಲಿ, ಜಿಲ್ಲೆ ಒಡೆದು ಎರಡಾಯಿತು. ಊರಂತೂ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಅರ್ಜಿಯ ತುದಿಯಲ್ಲಿ ನನ್ನನ್ನು ಬಲ್ಲವರ ಸಹಿಗೆ ಜಾಗವಿತ್ತು.

"ಇಲ್ಲೆ ಸಹಿ ಮಾಡವ್ವಾ," ಅಂದೆ.

ಅವಳು ಎರಡೂ ಕಾಗದ ನೋಡಿದಳು, ನನ್ನ ಮುಖ ನೋಡಿದಳು, ಪೆನ್ನಿನ ಟೋಪಿ ಹಾಕಿದಳು.

"ಮಾಡ್ತೇನಿ ಅಜ್ಜಿ. ಪೆಹಲೇ ಬತಾ, ಒಂದ್ ಊರಿಗೆ ಎಷ್ಟ್ ಜಿಲ್ಲಾ ಇರ್ತಾವ್ರಿ?"