ವಾಸನೆಯಿಲ್ಲದ ಸದ್ದು

ಗರ್... ಎಂದು ಒಂದೇ ಉಸಿರಿನಲ್ಲಿ ಓಡುವ ಮೋಟಾರು, ಅದರ ಬೆನ್ನಿಗೆ ಸಡಿಲವಾದ ಬೆಲ್ಟಿನ ಟಪ್ ಟಪ್. ಶಿಡ್ಲಘಟ್ಟ ಬಿಟ್ಟು ಇಷ್ಟು ದಿನವಾದರೂ ಆ ಸದ್ದು ನನ್ನ ಕಿವಿ ಬಿಟ್ಟು ಹೋಗಿಲ್ಲ. ಮೊನ್ನೆ ಮಧ್ಯಾಹ್ನ ಚಿಕ್ಕಬಳ್ಳಾಪುರದ ಈ ಮನೆಯಲ್ಲಿ ಊಟ ಮುಗಿಸಿ ಸ್ವಲ್ಪ ಅಡ್ಡಾಗಿದ್ದೆ. ಪಕ್ಕದ ಸೈಟಿನಲ್ಲಿ ಯಾವುದೋ ಪಾಲಿಶ್ ಮೆಷಿನ್ ಶುರುವಾಯಿತು. ಕಣ್ಣು ಬಿಡುವ ಮೊದಲೇ ನನ್ನ ಮೂಗು ಗಾಳಿಯಲ್ಲಿ ಹುಡುಕಿತು. ಬೆಂದ ರೇಷ್ಮೆಗೂಡಿನ ವಾಸನೆ ಇದೆಯಾ, ಇಲ್ಲವಾ? ಇರಲಿಲ್ಲ. ಅಷ್ಟಕ್ಕೇ ಎದ್ದು ಕೂತು ಚಪ್ಪಲಿ ಹುಡುಕುತ್ತಿದ್ದೆ... ಯಾರ ಬಾಗಿಲು ಬಡಿಯಲು ಹೊರಟಿದ್ದೆನೋ!

ಸದ್ದು ಕೇಳಿದರೆ ಮೂಗೇಕೆ ಹುಡುಕಬೇಕು ಅಂತ ನೀವು ಕೇಳಬಹುದು. ಅದಕ್ಕೆ ನನ್ನ ಕೆಳಗಿನ ಮನೆಯವಳ ವಿಷಯ ಹೇಳಬೇಕು.

ಕಾನ್ವೆಂಟ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದ ಮೇಲೂ ನಾನು ಶಿಡ್ಲಘಟ್ಟದಲ್ಲೇ ಉಳಿದಿದ್ದೆ, ಒಂದು ಮನೆಯ ಮಹಡಿಯ ಮೇಲೆ, ಬಾಡಿಗೆಗೆ. ಕೆಳಗೆ ಓನರ್ ಮನೆ. ಮುಂದೆ ಅವರ ವಾಸ, ಹಿಂದೆ ನೂಲು ಬಿಚ್ಚುವ ಶೆಡ್. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ, ಎಳೆ ಹಿಡಿದು, ಮೆಷಿನ್ನಿಗೆ ಕೊಟ್ಟರೆ ಅದು ರೇಷ್ಮೆ ಸುತ್ತಿಕೊಳ್ಳುತ್ತೆ. ಗೂಡು ಬೆಂದರೆ ಒಳಗಿನ ಹುಳುವೂ ಬೇಯಬೇಕಲ್ಲ... ಆ ವಾಸನೆ! ಮೊದಮೊದಲು ನಾನು ಕರ್ಚೀಫಿಗೆ ಕಲೋನ್ ಹಾಕಿ ಮೂಗಿಗೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಓನರ್ ಹೆಂಡತಿ, ಅಂದರೆ ನಾನು ಹೇಳುತ್ತಿರುವವಳು, ಶೆಡ್ಡಿನ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಮಿಸ್, ನಿಮ್ಮ ಸೆಂಟಿಗೆ ನಮ್ಮ ಹುಳ ಹೆದರಲ್ಲ ಬಿಡಿ. ಸ್ವಲ್ಪ ದಿನ ತಡ್ಕೊಳ್ಳಿ, ನಿಮ್ಮ ಮೂಗೇ ಸೋತೋಗುತ್ತೆ."

ಚಿಂತಾಮಣಿ ಕಡೆಯವಳು. ಮಾತಿನಲ್ಲಿ ತೆಲುಗಿನ ರಾಗ. ಬಿಸಿನೀರಿನಲ್ಲಿ ನೆಂದೂ ನೆಂದೂ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಕರಿಬೇವು ಕೇಳುವ ಹಾಗೆ ಬಂದು, "ಮಿಸ್, ಒಂದು ಇಂಗ್ಲಿಷ್ ಮಾತು ಕೊಡಿ" ಅನ್ನುತ್ತಿದ್ದಳು. "ಎಕ್ಸ್‌ಕ್ಯೂಸ್ ಮಿ" ಕೊಟ್ಟೆ. ಅಂಗಳದ ಕೋಳಿಯನ್ನು ಓಡಿಸುವಾಗಲೂ "ಎಕ್ಸ್‌ಕ್ಯೂಸ್ ಮಿ, ಎಕ್ಸ್‌ಕ್ಯೂಸ್ ಮಿ" ಅಂತ ಪೊರಕೆ ಬೀಸುತ್ತಿದ್ದಳು.

ಅವಳ ಗಂಡ? ಜೆಂಟಲ್‌ಮನ್ ಅಂದರೆ ಅವನೇ. ನನ್ನ ಗ್ಯಾಸ್ ಸಿಲಿಂಡರ್ ಅವನೇ ಹೊತ್ತು ತರುತ್ತಿದ್ದ. ಬೆಳಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗಿಬಂದರೆ, ಮಧ್ಯಾಹ್ನವೆಲ್ಲ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ. ಕೂಲಿಗೆ ಬರುವ ಹೆಂಗಸರು ಹೋದ ಮೇಲೂ ಅವಳು ಒಬ್ಬಳೇ ಸಂಜೆವರೆಗೂ ನೂಲು ಬಿಚ್ಚಬೇಕು. ಮೆಷಿನ್ ಓಡುವಷ್ಟು ಹೊತ್ತು ಅವನು ಹರಟುತ್ತಿದ್ದ. ಸದ್ದು ನಿಂತರೆ ತಲೆ ಎತ್ತುತ್ತಿದ್ದ. ಮತ್ತೆ ಶುರುವಾಗದಿದ್ದರೆ ಗ್ಲಾಸ್ ಕೆಳಗಿಟ್ಟು ರಸ್ತೆ ದಾಟಿ ಬರುತ್ತಿದ್ದ. ಅದಕ್ಕೇ ಅವಳು ನೀರು ಕುಡಿಯಲು ಎದ್ದರೂ ಮೆಷಿನ್ ಆಫ್ ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಮೆಷಿನ್ ಓಡುತ್ತಿತ್ತು. ಯಾಕೋ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು... ವಾಸನೆ ಇರಲಿಲ್ಲ. ಶೆಡ್ಡಿನ ಚಿಮಣಿಯಲ್ಲಿ ಹೊಗೆಯೂ ಇಲ್ಲ. ಒಲೆ ಹಚ್ಚದೆ, ಗೂಡು ಬೇಯಿಸದೆ, ಮೆಷಿನ್ ಖಾಲಿ ಓಡುತ್ತಿದೆ. ಟೀ ಅಂಗಡಿಯ ಬೆಂಚೂ ಖಾಲಿ. ಮರೆತಿರಬೇಕು, ಹೇಳೋಣ ಅಂತ ಅರ್ಧ ಮೆಟ್ಟಿಲು ಇಳಿದೆ. ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಮೆಷಿನ್ನಿನ ಗದ್ದಲದಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಏನೂ ಕೇಳಬಾರದು ಅಂತಲೇ ಅವನು ಅದನ್ನು ಹಾಕಿದ್ದ.

ಸಂಜೆ ಅವಳು ಸೆರಗಿನಲ್ಲಿ ಅರ್ಧ ಮುಖ ಮುಚ್ಚಿ ಬಂದಳು. "ಬಿಸಿನೀರು ಹಾರ್ತು ಮಿಸ್." ಆ ಕಸುಬಿನಲ್ಲಿ ನೆಪಗಳಿಗೆ ಬರವೇ ಇಲ್ಲ. ಬಿಸಿನೀರು, ಬೆಲ್ಟು, ಒದ್ದೆ ನೆಲ. ಒಮ್ಮೆ ಬಸುರಾಗಿದ್ದಾಗ ಅಂಥದೇ ಒಂದು ಮಧ್ಯಾಹ್ನ ಕಳೆದು ಆಸ್ಪತ್ರೆಗೆ ಹೋಗಿ ಬಂದಳು, ಖಾಲಿ ಒಡಲಿನಲ್ಲಿ. ಶೆಡ್ಡಿನಲ್ಲಿ ಜಾರಿದಳು ಎಂದರು. ನೆಲ ಯಾವಾಗಲೂ ಒದ್ದೆಯಲ್ಲವೇ, ಯಾರೂ ಎರಡನೇ ಮಾತು ಆಡಲಿಲ್ಲ.

ಪೊಲೀಸರಿಗೆ ಹೇಳೋಣವಾ ಎಂದು ಕೇಳಿದೆ.

"ಹೇಳಿ ಮಿಸ್. ಜೀಪಲ್ಲಿ ಬರ್ತಾರೆ, ಜೀಪಲ್ಲೇ ಹೋಗ್ತಾರೆ. ಆಮೇಲೆ ಬಾಗ್ಲು ಹಾಕೋದು ಇವ್ನೇ ಅಲ್ವಾ?"

ಆಮೇಲೆ ನಾನು ಒಂದು ಕೆಲಸ ಶುರು ಮಾಡಿದೆ. ವಾಸನೆಯಿಲ್ಲದ ಸದ್ದು ಕೇಳಿದೊಡನೆ ಕೆಳಗಿಳಿದು ಬಾಗಿಲು ಬಡಿಯುವುದು. ನೀರು ಬರ್ತಿಲ್ಲ ಕಣಪ್ಪ. ಫ್ಯೂಸ್ ಹೋಯ್ತು ಕಣಪ್ಪ. ಹಾವು ಕಂಡ ಹಾಗಾಯ್ತು ಕಣಪ್ಪ. ಸುಳ್ಳು ಪಾಪ ಎಂದು ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದು, ಮುದುಕಿಯಾದ ಮೇಲೆ ಎಲ್ಲ ಕೊಚ್ಚಿಹೋಯಿತು. ಅವನು ಬೆವರು ಒರೆಸಿಕೊಳ್ಳುತ್ತಾ ಬಾಗಿಲು ತೆಗೆದು ನಗುತ್ತಿದ್ದ. "ಹೇಳಿ ಮಿಸ್." ಅಷ್ಟು ಹೊತ್ತಾದರೂ ಅವಳಿಗೆ ಉಸಿರಾಡಲು ಸಿಗುತ್ತಿತ್ತು.

ಎಷ್ಟು ದಿನ ನಡೆಯುತ್ತೆ? ಒಂದು ದಿನ ಅವನು ನನ್ನನ್ನು ಮೆಟ್ಟಿಲವರೆಗೂ ಕೈಹಿಡಿದು ಕರೆತಂದ. ಮೊಣಕೈಯ ಮೇಲೆ ಅವನ ಬೆರಳುಗಳು ಬಿಗಿಯಾಗಿದ್ದವು. "ಮಿಸ್‌ಗೆ ಇತ್ತೀಚೆಗೆ ಭ್ರಮೆ ಜಾಸ್ತಿ ಆಗ್ತಿದೆ. ಒಬ್ರೇ ಇರ್ತೀರ. ಈ ಮೆಟ್ಲು ಬೇರೆ ಕಡಿದು... ಜೋಪಾನ ಮಿಸ್."

ಅವತ್ತಿನಿಂದ ನಾನು ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತೇನೆ. ಈಗಲೂ.

ಆ ಕಾಲದಲ್ಲೇ ಬೆಂಗಳೂರಿನಿಂದ ಒಬ್ಬಳು ಹುಡುಗಿ ಬಂದಳು, ಡಾಕ್ಟರಿಕೆ ಓದಿ ಹೆಂಗಸರ ಆರೋಗ್ಯದ ಮೇಲೆ ರಿಸರ್ಚ್ ಮಾಡುತ್ತಿದ್ದವಳು. ಊರಿಗೆಲ್ಲ ಹೇಳಿದ್ದು, ಬಿಪಿ ನೋಡ್ತೀವಿ, ರಕ್ತ ಕಡಿಮೆಯಿದ್ದರೆ ಮಾತ್ರೆ ಕೊಡ್ತೀವಿ ಅಂತ. ಒಳಗೆ ಕೇಳುತ್ತಿದ್ದದ್ದು ಬೇರೆಯೂ ಇತ್ತು. ಮನೆಯಲ್ಲಿ ಹೊಡೀತಾರಾ, ಯಾರಿಗಾದರೂ ಹೇಳಿದ್ದೀರಾ, ನಿದ್ದೆ ಬರುತ್ತಾ... "ಭಯ ಮನಸ್ಸಲ್ಲಷ್ಟೇ ಇರಲ್ಲ ಮ್ಯಾಮ್" ಎಂದಿದ್ದಳು ನನಗೆ. "ತಲೆನೋವಾಗಿ, ಹೊಟ್ಟೆನೋವಾಗಿ, ಬಿಪಿಯಾಗಿ ಮೈಯಲ್ಲೇ ಸೇರ್ಕೊಳ್ಳುತ್ತೆ. ಮಾತ್ರೆ ತಗೊಳ್ತಾರೆ, ಕಾರಣ ಯಾರೂ ಕೇಳಲ್ಲ." ಅವಳಿಗೆ ಬೇಕಿದ್ದದ್ದು ಒಂದು ರೂಮು, ಹೆಂಗಸು ಒಬ್ಬಳೇ ಕೂತು ಮಾತಾಡುವಂಥದ್ದು. ನನ್ನ ರೂಮು ಕೊಟ್ಟೆ. ನಾನು ಮೇಲಿನ ಮೆಟ್ಟಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಾ ಕಾವಲು. ಯಾರಾದರೂ ಬಂದರೆ ಜೋರಾಗಿ ಗುಡ್ ಮಾರ್ನಿಂಗ್ ಹೇಳಬೇಕು, ಒಳಗೆ ಮಾತು ಬದಲಾಗುತ್ತೆ. ಹಾಗೆಂದು ಒಪ್ಪಂದ.

ಕೆಳಗಿನ ಮನೆಯವಳ ಸರದಿಯ ದಿನ ಕೂಲಿಯವರು ಮೆಷಿನ್ ನೋಡಿಕೊಳ್ಳುತ್ತಿದ್ದರು. ಅವನು ಮಾರ್ಕೆಟ್ಟಿಗೆ ಹೋಗಿದ್ದ. ಮುಚ್ಚಿದ ಬಾಗಿಲ ಹಿಂದಿನಿಂದ ಏನೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಕೊನೆಗೆ ಮಾತ್ರ ಮಗ್ಗಿ ಹೇಳುವ ಹಾಗೆ ಕೆಲವು ಅಂಕಿಗಳು, ಮತ್ತೆ ಮತ್ತೆ. ಸಹಾಯ ಕೇಳುವ ಫೋನ್ ನಂಬರ್. ಬರೆದುಕೊಂಡರೆ ಸಿಕ್ಕಿಬೀಳುತ್ತಾಳೆಂದು ಬಾಯಿಪಾಠ ಮಾಡುತ್ತಿದ್ದಳು.

ಆಗಲೇ ಕೆಳಗೆ ಅವನ ಬೈಕ್ ನಿಂತಿತು. ರೇಟು ಸರಿಬರಲಿಲ್ಲವೆಂದು ಗೂಡು ಕೊಳ್ಳದೆ ಬಂದಿದ್ದ. ನೇರ ಮೆಟ್ಟಿಲು ಹತ್ತಿದ.

"ಗುಡ್ ಮಾರ್ನಿಂಗ್!" ಎಂದು ಸ್ಕೂಲಿನ ಅಸೆಂಬ್ಲಿಯಲ್ಲಿ ಕೂಗಿದ ಹಾಗೆ ಕೂಗಿದೆ. ಅವರೆಕಾಳಿನ ಬಟ್ಟಲು ಉರುಳಿಹೋಯಿತು. ಅವನು ಕಾಳು ತುಳಿದುಕೊಂಡೇ ಬಾಗಿಲು ತಳ್ಳಿದ. ಒಳಗೆ ಹುಡುಗಿ ಬಿಪಿ ಪಟ್ಟಿ ಬಿಚ್ಚುತ್ತಿದ್ದಳು. ಅವನು ಕುರ್ಚಿ ಎಳೆದು ಕೂತು ತೋಳು ಚಾಚಿದ. "ನಂದೂ ನೋಡಿ ಡಾಕ್ಟ್ರೇ." ಹುಡುಗಿ ಪಟ್ಟಿ ಸುತ್ತಿ ಪಂಪು ಒತ್ತಿದಳು. "ನಾರ್ಮಲ್" ಎಂದಳು.

ಅವನು ಹೆಂಡತಿಯ ಕಡೆ ತಿರುಗಿದ. "ಇಷ್ಟೊತ್ತು ಬಾಗ್ಲು ಹಾಕ್ಕೊಂಡು ಏನ್ ಕೇಳಿದ್ರು?"

ಅವಳು ಕಣ್ಣು ಪಿಳುಕಿಸಲಿಲ್ಲ.

"ಮುಟ್ಟಿನ ವಿಷ್ಯ ರೀ. ಬಿಳಿ ಹೋಗುತ್ತಾ, ಬಟ್ಟೆ ಎಷ್ಟು ಬದಲಾಯಿಸ್ತೀಯಾ ಅಂತೆಲ್ಲ. ಪೂರ್ತಿ ಹೇಳ್ಲಾ?"

"ಥೂ, ಸಾಕು ಸುಮ್ನಿರೇ" ಎಂದು ಎದ್ದು ಹೋದ. ಅವಳೂ ಹಿಂದೆಯೇ ಇಳಿದಳು. ಬಾಗಿಲು ದಾಟುವಾಗ ನನ್ನ ಕಡೆ ನೋಡಿ ಮೆಲ್ಲಗೆ "ಎಕ್ಸ್‌ಕ್ಯೂಸ್ ಮಿ" ಎಂದಳು.

ಆ ಮಧ್ಯಾಹ್ನವೆಲ್ಲ ನಾನು ಮೂಗು ತೆರೆದುಕೊಂಡು ಕೂತಿದ್ದೆ. ಮೆಷಿನ್ ಶುರುವಾಯಿತು. ಆಮೇಲೆ... ಬಂತು, ಆ ದುರ್ನಾತ, ಗಾಳಿಯ ತುಂಬಾ. ಮಲ್ಲಿಗೆಯನ್ನೂ ನಾನು ಅಷ್ಟು ಆಸೆಯಿಂದ ಮೂಸಿಲ್ಲ.

ಆದರೆ ಅದರ ಮುಂದಿನ ವಾರಗಳಲ್ಲಿ ಖಾಲಿ ಸದ್ದು ಹೆಚ್ಚಾಯಿತು. ಅವಳ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡೆ. ಅದಕ್ಕೆ ಬಿಸಿನೀರು ಅನ್ನುವ ನೆಪ ಅವಳೂ ಹೇಳಲಿಲ್ಲ. "ಈ ಸಲ ಬಿಟ್ಟ ಮಿಸ್" ಎಂದಳು, ಅಷ್ಟೇ.

ಕೂಲಿಯವರೆಲ್ಲ ಯಾರದೋ ಮದುವೆಗೆ ಹೋಗಿದ್ದ ಒಂದು ದಿನ. ಟೆರೇಸಿನಲ್ಲಿ ಸಂಡಿಗೆ ತಿರುವಿಹಾಕುತ್ತಿದ್ದೆ. ಕೆಳಗೆ ಗರ್... ಟಪ್ ಟಪ್. ವಾಸನೆ ಇಲ್ಲ. ಹೊಗೆ ಇಲ್ಲ. ಯಾವ ಸುಳ್ಳು ಹೇಳಲಿ ಎಂದು ಯೋಚಿಸುತ್ತಾ ಹೊರಟವಳು ರಸ್ತೆ ಕಡೆ ನೋಡಿ ನಿಂತುಬಿಟ್ಟೆ. ಅವನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಗುತ್ತಿದ್ದ. ಅವನು ಅಲ್ಲಿದ್ದರೆ ಇಲ್ಲಿ ಖಾಲಿ ಮೆಷಿನ್ ಓಡಿಸುತ್ತಿರುವವರು ಯಾರು?

ಹಿತ್ತಿಲ ಕಡೆಯಿಂದ ಇಳಿದು ಶೆಡ್ಡಿನ ಬಾಗಿಲು ತಳ್ಳಿದೆ. ಯಾರೂ ಇರಲಿಲ್ಲ. ಮೆಷಿನ್ ತನ್ನ ಪಾಡಿಗೆ ಓಡುತ್ತಿತ್ತು. ಒಲೆ ತಣ್ಣಗಿತ್ತು. ಅವಳು ಹೊರಗೆ ಹೋಗುವಾಗ ಹಾಕುವ ಚಪ್ಪಲಿ ಇರಲಿಲ್ಲ. ಅವನು ಅವಳ ಮೇಲೆ ಕಾವಲಿಟ್ಟ ಸದ್ದನ್ನೇ ಅವನಿಗೆ ಕಾವಲು ಬಿಟ್ಟು ಹೋಗಿದ್ದಳು.

ಆದರೆ ಒಲೆ ಹಚ್ಚುವುದೊಂದನ್ನು ಮರೆತಿದ್ದಳು, ಇಲ್ಲ ಪುರುಸೊತ್ತಾಗಿರಲಿಲ್ಲ. ಟೀ ಅಂಗಡಿಯಿಂದ ಚಿಮಣಿ ಕಾಣುತ್ತೆ. ಅವನು ಒಮ್ಮೆ ತಲೆ ಎತ್ತಿದರೆ ಸಾಕು. ಮೂಲೆಯಲ್ಲಿ ಒಣಗಿದ ಹಿಪ್ಪುನೇರಳೆ ಕಡ್ಡಿ ರಾಶಿಯಿತ್ತು. ಒಲೆಗೆ ತುರುಕಿದೆ. ಹೊತ್ತಿಕೊಂಡ ಮೇಲೆ, ವಾಸನೆಯೂ ಇರಲಿ ಎಂದು ಒಂದು ಬೊಗಸೆ ಗೂಡು ನೀರಿಗೆ ಹಾಕಿದೆ. ಜನ್ಮದಲ್ಲಿ ಮೊದಲ ಸಲ. ಮತ್ತೆ ಟೆರೇಸಿಗೆ ಓಡಿದೆ, ಈ ಮಂಡಿಯಲ್ಲಿ.

ಆಮೇಲೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಸಂಜೆ ಕರೆಂಟ್ ಹೋಗಿ ಮೆಷಿನ್ ನಿಂತಿತು, ಅವನು ಎದ್ದು ಬಂದ. ಒಲೆಯಲ್ಲಿ ಕೆಂಡ ಇನ್ನೂ ಬಿಸಿ, ಇಲ್ಲೇ ಎಲ್ಲೋ ಇದ್ದಾಳೆ ಎಂದು ಅಕ್ಕಪಕ್ಕದ ಬೀದಿಯಲ್ಲೇ ಹುಡುಕಿದ. ಆಮೇಲೆ ನನ್ನ ಹೊಸ್ತಿಲಲ್ಲಿ ಬಂದು ನಿಂತ. ನನ್ನ ಕೈ ನೋಡಿದ.

"ಮಸಿ ಆಗಿದೆ ಮಿಸ್."

"ಹಪ್ಪಳ ಸುಟ್ಟೆ ಕಣಪ್ಪ."

ಅವನು ಮಸಿಯೇ ಇಲ್ಲದ ನನ್ನ ಗ್ಯಾಸ್ ಒಲೆಯನ್ನು ನೋಡಿದ. ಅದಕ್ಕೆ ಸಿಲಿಂಡರ್ ಹೊತ್ತು ತಂದು ಕೂರಿಸಿದ್ದೂ ಅವನೇ. "ಮೆಟ್ಲು ಜೋಪಾನ ಮಿಸ್" ಎಂದು ಇಳಿದು ಹೋದ. ಅದೇ ವಾರ ನನ್ನ ತಂಗಿಯ ಮಗಳು ಬಂದು ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕರೆತಂದಳು.

ಅವಳು ತಲುಪಿದಳೋ, ಎಲ್ಲಿ ತಲುಪಿದಳೋ, ನನಗೆ ಗೊತ್ತಿಲ್ಲ. ರಿಸರ್ಚ್ ಹುಡುಗಿಗೆ ಫೋನ್ ಮಾಡಿ ಕೇಳಿದ್ದೆ. "ನಾವು ಯಾರ ಹೆಸರೂ ಬರ್ಕೊಂಡಿಲ್ಲ ಮ್ಯಾಮ್. ಗೊತ್ತಿದ್ರೂ ಹೇಳೋ ಹಾಗಿಲ್ಲ" ಎಂದಳು. ಸರಿಯೇ. ನನಗೆ ಗೊತ್ತಾಗುವ ದಾರಿ ಇದ್ದರೆ ಅವನಿಗೂ ಇರುತ್ತೆ. ಗೌರಿಬಿದನೂರಿನ ಒಂದು ಮದುವೆಯಲ್ಲಿ ಬೆರಳ ತುದಿ ಬೆಳ್ಳಗಿದ್ದ ಹೆಂಗಸನ್ನು ಕಂಡು ಬಡಿಸುತ್ತಿದ್ದವರನ್ನು ದಾಟಿಕೊಂಡು ಓಡಿದ್ದೆ. ಬೇರೆ ಯಾರೋ... ನಾನೂ ಇನ್ನೆಷ್ಟು ದಿನ ಹುಡುಕುತ್ತೇನೆ? ಅವಳು ನನಗೆ ಸಿಗದಿರುವುದೇ ಅವಳ ಕ್ಷೇಮ ಎಂದು ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮೇಲೂ ಮನಸ್ಸು ಖಾಲಿಯೇ.

ಕೊನೆಯ ಸಲ ಅವಳನ್ನು ನೋಡಿದ್ದು ಅದೇ ದಿನ, ಟೆರೇಸಿನಿಂದ. ಬೀದಿಯ ತಿರುವಿನಲ್ಲಿ ಒಂದು ಪ್ರೈವೇಟ್ ಬಸ್ ಜನರನ್ನು ಹತ್ತಿಸಿಕೊಂಡು ನಮ್ಮ ರಸ್ತೆಗೇ ಬಂತು. ಮನೆಗೂ ಟೀ ಅಂಗಡಿಗೂ ನಡುವೆಯೇ ಅದು ಹಾಯಬೇಕು, ಬೇರೆ ದಾರಿಯಿಲ್ಲ. ನಮ್ಮ ಕಡೆಯ ಕಿಟಕಿಯಲ್ಲಿ ತಲೆತುಂಬ ಸೆರಗು ಹೊದ್ದು ಅವಳು ಕೂತಿದ್ದಳು. ಬಸ್ ಅವನ ಮುಂದೆ ನಿಧಾನವಾಯಿತು. ಅವನು ತಲೆ ಎತ್ತಿದ. ಬಸ್ಸಿನ ಮೇಲಿಂದ ನಮ್ಮ ಚಿಮಣಿ ನೋಡಿದ, ಧೂಳಿಗೆ ಕಾಲು ಹಿಂದಕ್ಕೆ ಎಳೆದುಕೊಂಡು ಟೀ ಕುಡಿದ. ಅವಳೂ ಆಗ ಚಿಮಣಿಯನ್ನೇ ನೋಡುತ್ತಿದ್ದಳು, ತಾನು ಹಚ್ಚದ ಒಲೆಯ ಹೊಗೆಯನ್ನು. ಆಮೇಲೆ ಕಣ್ಣು ಇನ್ನೂ ಮೇಲಕ್ಕೆ, ಟೆರೇಸಿಗೆ ಬಂತು. ಏನೋ ಹೇಳುವ ಹಾಗೆ ಅವಳ ತುಟಿ ಅಲುಗಿತು. ಮೆಷಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.