ಪತ್ತೇದಾರಿ ಅಕ್ಕನ ತೀರ್ಪು

ಪುಸ್ತಕ ಓದದೆ ಮುನ್ನುಡಿ ಬರೆಯುವವರನ್ನು ನಾನು ಚೆನ್ನಾಗಿ ಬಲ್ಲೆ. ಹಿಂಬದಿ ರಕ್ಷಾಪುಟ ನೋಡಿ 'ಭರವಸೆಯ ಲೇಖಕಿ' ಎಂದು ಗೀಚಿ, ವೇದಿಕೆಯಲ್ಲಿ ನಾಲ್ಕು ಸಿಹಿ ಮಾತಾಡಿ, ಚಹಾ ಕುಡಿದು ಮನೆಗೆ ಹೋಗುವ ಜನ. ದೆವ್ವದ ಕಾದಂಬರಿ, ಕೊಲೆಯ ಕಾದಂಬರಿ, ಹದಿಹರೆಯದವರ ಕಾದಂಬರಿ ಎಂದರೆ ಮೂಗು ಮುರಿಯುವವರೂ ಇವರೇ. ಅವರ ಮೇಲಿನ ಸಿಟ್ಟಿಗೇ ಇಂದು ನನ್ನ ಅಕ್ಕನ ಬಗ್ಗೆ ಬರೆಯುತ್ತಿದ್ದೇನೆ. ಈ ಮೂರು ಜಾತಿಯ ಪುಸ್ತಕಗಳ ಮೇಲೆ ಅವಳಷ್ಟು ನೆಟ್ಟಗೆ ಅಭಿಪ್ರಾಯ ಹೇಳಿದವರನ್ನು ನಾನು ಕಂಡಿಲ್ಲ. ಹಾಗೆ ಹೇಳಿ ಅದರ ನೋವು ಉಂಡವರನ್ನಂತೂ ಕಂಡೇ ಇಲ್ಲ.

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಾಳೆ. ಅಲ್ಲಿ ಅವಳ ಹೆಸರು ಯಾರಿಗೂ ನೆನಪಿಲ್ಲ, ಸೂಪರ್‌ವೈಸರ್ ಕೂಡ 'ಪತ್ತೇದಾರಿ' ಎಂದೇ ಕರೆಯುತ್ತಾನೆ. ಊಟದ ವಿರಾಮದಲ್ಲಿ ಆ ಸಾಲಿನ ಹೆಂಗಸರೆಲ್ಲ ಒಂದೇ ಪುಸ್ತಕ ಓದುತ್ತಾರೆ. ಒಂದು ಪುಸ್ತಕವನ್ನು ಅಷ್ಟು ಜನ ಹೇಗೆ ಓದುವುದು? ಬ್ಲೇಡಿನಿಂದ ಅದರ ಬೆನ್ನು ಸೀಳಿ, ಭಾಗ ಮಾಡಿ, ಒಂದೊಂದು ಭಾಗವನ್ನೂ ಬೇರೆ ಬೇರೆ ಬಣ್ಣದ ದಾರದಲ್ಲಿ ಹೊಲಿಯುತ್ತಾರೆ. ಮೊದಲ ಭಾಗಕ್ಕೆ ಬಿಳಿ, ಆಮೇಲೆ ಹಳದಿ, ಕೆಂಪು, ಕಡುನೀಲಿ, ಹಸಿರು, ಕೊನೆಗೆ ಕಪ್ಪು. ಬಿಳಿ ಮುಗಿಸಿದವಳು ಅದನ್ನು ಪಕ್ಕದವಳಿಗೆ ದಾಟಿಸಿ ಹಳದಿಗೆ ಕೈ ಚಾಚುತ್ತಾಳೆ. ಮುಂದೆ ಹೋದವಳು ಹಿಂದಿರುವವರ ಎದುರು ತುಟಿ ಬಿಚ್ಚುವಂತಿಲ್ಲ. ಕಪ್ಪು ದಾರದ ಭಾಗ ಎಲ್ಲರ ಕೈ ದಾಟಿದ ಮೇಲೆ ಅಕ್ಕ ತೀರ್ಪು ಕೊಡುತ್ತಾಳೆ: ಪಾಸು, ಇಲ್ಲವೇ ಫೇಲು.

ಅವಳ ಕಾನೂನು ಕಠಿಣ. ಕೊನೇ ಪುಟದಲ್ಲಿ ಹೊಸದಾಗಿ ಬಾಗಿಲು ತಟ್ಟಿ ಬರುವವನು ಕೊಲೆಗಾರನಾದರೆ ಆ ಪುಸ್ತಕ ಫೇಲು. ಮೊದಲಿಂದಲೂ ನಮ್ಮ ಜೊತೆಗೇ ಉಂಡವನು ಕೊಲೆಗಾರನಾಗಬೇಕು, ಆಗಲೇ ಮೈ ಜುಮ್ಮೆನ್ನುವುದು. ದೆವ್ವಕ್ಕೆ ಏನಾದರೊಂದು ಆಸೆ ಇರಬೇಕು. "ಕರೆಂಟ್ ಹೋದಾಗ ಮಾತ್ರ ಬರೋದು ದೆವ್ವ ಅಲ್ಲ, ಲೈನ್‌ಮ್ಯಾನ್" ಎಂದು ಒಂದು ಪುಸ್ತಕವನ್ನು ಅವಳು ಹೊಡೆದುಹಾಕಿದ್ದು ಕಾರ್ಖಾನೆಯಲ್ಲಿ ಈಗಲೂ ಜೋಕು. ಹದಿಹರೆಯದವರ ಕಾದಂಬರಿಗಳ ವಿಷಯದಲ್ಲಂತೂ ಅವಳದು ಇನ್ನೂ ಬಿಗಿ. ಹದಿನಾರರ ಹುಡುಗಿಯ ಬಾಯಲ್ಲಿ ಐವತ್ತರ ಉಪದೇಶ ಬಂದರೆ ಪುಸ್ತಕ ಮಡಿಚಿಡುತ್ತಾಳೆ. ಹದಿನಾರಕ್ಕೆ ಮೆಷಿನ್ ಮುಂದೆ ಕೂತವಳು ಅವಳು, ಆ ವಯಸ್ಸನ್ನು ಅವಳು ಕಂಡದ್ದೇ ಪುಸ್ತಕಗಳಲ್ಲಿ. ಅದರಲ್ಲೂ ಕಲಬೆರಕೆಯಾದರೆ ಹೇಗೆ ಸಹಿಸುತ್ತಾಳೆ?

ಅಕ್ಕನಿಗೆ ಮಕ್ಕಳಿಲ್ಲ. ನಮ್ಮ ಅಣ್ಣನ ಮಗಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವಳೇ. ಹೊಲಿಗೆ ಮೆಷಿನ್ನಿನ ಪೆಡಲ್ ಪಕ್ಕ ಮಲಗಿ ಕೊಲೆಗಡುಕರ ಕಥೆ ಕೇಳುತ್ತಾ ದೊಡ್ಡವಳಾದ ಹುಡುಗಿ. ಬೆಳೆದ ಮೇಲೂ ಪ್ರತಿ ಭಾನುವಾರ ಅತ್ತೆಯ ಮನೆಗೆ ಬರುವುದನ್ನು ಬಿಟ್ಟವಳಲ್ಲ. ಅಕ್ಕನ ವಾರಕ್ಕೆಲ್ಲ ಇದ್ದ ಹಬ್ಬ ಅದೊಂದೇ.

ಆ ಹುಡುಗಿ ಒಂದು ಕಾದಂಬರಿ ಬರೆದಳು. ಶಾಲೆಯ ಹಾಸ್ಟೆಲು, ಒಂದು ಕೊಲೆ, ಸತ್ತ ಹುಡುಗಿಯ ದೆವ್ವ, ಅದನ್ನು ಕಾಣಬಲ್ಲ ಗೆಳತಿ. ಅಣ್ಣ ಹಿಗ್ಗಿ ಹೀರೇಕಾಯಿಯಾಗಿ ಮುದ್ರಣಾಲಯವನ್ನೂ ಗೊತ್ತು ಮಾಡಿದ, ಬಿಡುಗಡೆಗೆ ಸಭಾಂಗಣವನ್ನೂ ಹಿಡಿದ. ಹುಡುಗಿ ಮಾತ್ರ ಹಟ ಹಿಡಿದಳು. ಅತ್ತೆ ಪಾಸು ಅನ್ನದೆ ಅಚ್ಚಿಗೆ ಕೊಡುವುದಿಲ್ಲ ಎಂದು ಹಾಳೆಗಳ ಕಟ್ಟನ್ನು ತಂದು ಅಕ್ಕನ ಮಡಿಲಿಗೆ ಹಾಕಿದಳು.

ಅದೂ ಕಾರ್ಖಾನೆಗೆ ಹೋಯಿತು. ಗುಂಡಿ ಹಚ್ಚುವ ಸಾಲಿನ ಹಿರಿಯಳನ್ನು ಎಲ್ಲರೂ ಗುಂಡಿಯಮ್ಮ ಅನ್ನುತ್ತಾರೆ. ಭಾಗಗಳನ್ನು ಹೊಲಿದು ಸಾಲಿಗೆ ಹಂಚಿದವಳು ಅವಳೇ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಡುನೀಲಿಯೂ ಕಪ್ಪೂ ಒಂದೇ ಥರ ಕಾಣುತ್ತವೆ. ಕಪ್ಪು ದಾರದ ಕೊನೆಯ ಭಾಗ ನಾಲ್ಕನೆಯದಾಗಿ ಹೋಯಿತು, ಕಡುನೀಲಿಯ ನಾಲ್ಕನೆಯದು ಕೊನೆಗೆ. ಹುಡುಗಿ ಪುಟಸಂಖ್ಯೆ ಹಾಕಿರಲಿಲ್ಲ, ಅಧ್ಯಾಯಗಳಿಗೂ ಬರೀ ಹೆಸರಿದ್ದವು. ಹೀಗಾಗಿ ಇಡೀ ಸಾಲು ಕೊನೆಯನ್ನು ನಡುವೆ ಓದಿತು, ನಡುವನ್ನು ಕೊನೆಗೆ ಓದಿತು. ಓದಿ ಎಲ್ಲರೂ ಚೆನ್ನಾಗಿದೆ ಅಂದರು.

ಅಕ್ಕನೂ ಹಾಗೇ ಓದಿದ್ದಳು. ಭಾಗಗಳನ್ನು ಒಟ್ಟು ಮಾಡಿ ಕಟ್ಟಲು ಕಿಟಕಿಯ ಹತ್ತಿರ ಹೋದಾಗ ಬಿಸಿಲಿಗೆ ದಾರದ ಬಣ್ಣ ಬೇರೆಯಾಗಿ ಕಂಡಿತು. ಕೂಡಲೇ ಗುಂಡಿಯಮ್ಮನನ್ನು ಕರೆದು ವಿಚಾರಿಸಿದಳು: ಕೊಲೆಗಾರ ನಡುವೆಯೇ ಸಿಕ್ಕಿಬಿದ್ದನಲ್ಲ, ಮುಂದಿನ ಭಾಗದಲ್ಲಿ ಆರಾಮಾಗಿ ತಿರುಗಾಡುವಾಗ ಅನುಮಾನ ಬರಲಿಲ್ಲವೇ?

"ಜಾಮೀನಿನ ಮೇಲೆ ಬಂದಿರ್ಬೇಕು ಅಂದ್ಕೊಂಡೆ" ಎಂದಳು ಗುಂಡಿಯಮ್ಮ.

"ದೆವ್ವಕ್ಕೆ ಮುಕ್ತಿ ಸಿಕ್ಕಿತ್ತಲ್ಲೇ. ಮತ್ತೆ ಬಂತಲ್ಲ?"

"ಏನೋ ಮರ್ತು ಹೋಗಿತ್ತೇನೋ, ಪಾಪ."

ಸಾಲಿಡೀ ನಕ್ಕಿತು. ಅಕ್ಕ ನಗಲಿಲ್ಲ. ಕಟ್ಟನ್ನು ಮನೆಗೆ ತಂದು ಸರಿಯಾದ ಕ್ರಮದಲ್ಲಿ ಮತ್ತೆ ಓದಿದಳು. ಹಾಗೆ ಓದಿದರೂ ಎದೆ ಢವಗುಟ್ಟಲಿಲ್ಲ.

ಅಷ್ಟರಲ್ಲಿ ಅಣ್ಣ ಆಮಂತ್ರಣದ ಮಾದರಿ ಹಿಡಿದು ಬಂದ. ನಾನೂ ಅಲ್ಲೇ ಇದ್ದೆ. ಅಕ್ಕನ ಮುಖ ನೋಡಿಯೇ ಅವನಿಗೆ ಅರ್ಥವಾಗಿತ್ತು. ಒಂದು ಮಾತು ಪಾಸು ಅಂದುಬಿಟ್ಟರೆ ನಿನ್ನ ಗಂಟೇನು ಹೋಗುತ್ತದೆ, ಇವತ್ತು ಫೇಲು ಅಂದರೆ ನಾಳೆಯಿಂದ ಅವಳು ಈ ಹೊಸ್ತಿಲು ತುಳಿಯುವುದಿಲ್ಲ, ಯೋಚನೆ ಮಾಡು ಎಂದು ಬುದ್ಧಿ ಹೇಳಿದ. ಅಕ್ಕನಿಗೂ ಅದು ಗೊತ್ತಿತ್ತು. ಸೂಜಿಗೆ ದಾರ ಪೋಣಿಸುತ್ತಾ ಕೂತಳು.

ಭಾನುವಾರ ಹುಡುಗಿ ಬಂದಳು. ಅಕ್ಕ ದಾರದ ಕಥೆಯನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿ, ಕೊನೆಗೆ ಫೇಲು ಎಂದಳು.

"ತಪ್ಪು ಜೋಡ್ಸಿದ್ದು ನೀವು, ಫೇಲಾಗಿದ್ದು ನಾನಾ ಅತ್ತೆ?"

"ತಪ್ಪು ನಮ್ದೇ ಕಣೇ, ಇಲ್ಲ ಅನ್ನಲ್ಲ. ಆದ್ರೆ ತೋಳಿನ ಜಾಗದಲ್ಲಿ ಕಾಲರ್ ಕೂರ್ಸಿದ್ರೆ ತೊಟ್ಕೊಂಡವರಿಗೆ ಚುಚ್ಚಬೇಕು. ನಿನ್ನ ಪುಸ್ತಕ ಯಾರಿಗೂ ಚುಚ್ಚಲಿಲ್ಲ. ನಂಗೂ ಚುಚ್ಚಲಿಲ್ಲ."

ಹುಡುಗಿ ಕಟ್ಟನ್ನು ಎದೆಗವಚಿಕೊಂಡು ಎದ್ದಳು. ಚಪ್ಪಲಿ ಮೆಟ್ಟಿಕೊಳ್ಳುವಾಗಲೂ ತಿರುಗಿ ನೋಡಲಿಲ್ಲ. ಅಣ್ಣ ಫೋನಿನಲ್ಲಿ ರೇಗಾಡಿದ, ಮಗುವಿನ ಮನಸ್ಸು ಮುರಿದುಬಿಟ್ಟೆಯಲ್ಲ ಎಂದ. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: "ಮಗು ಬರ್ದಿದ್ರೆ ಚೆನ್ನಾಗಿದೆ ಅಂತಿದ್ದೆ. ಬರ್ದಿರೋದು ಮಗು ಅಲ್ವಲ್ಲ."

ನಾಡಿನ ಮುನ್ನುಡಿಕಾರರೆಲ್ಲ ಸೇರಿದರೂ ಒಬ್ಬ ಹೊಸ ಲೇಖಕಿಗೆ ಇಷ್ಟು ಗೌರವ ಕೊಟ್ಟಿಲ್ಲ. ಅವರ ಹೊಗಳಿಕೆ ಎಲ್ಲರಿಗೂ ಒಂದೇ ಅಳತೆಯ ಅಂಗಿ. ಹಾಗೆ ಹೊಗಳಿದರೆ ಅವರು ಕಳೆದುಕೊಳ್ಳುವುದೂ ಏನಿಲ್ಲ.

ಸಭಾಂಗಣ ರದ್ದಾಯಿತು. ಅಕ್ಕನ ಭಾನುವಾರಗಳು ಬರಿದಾದವು. ಹೋದಾಗಲೆಲ್ಲ ನೋಡುತ್ತಿದ್ದೆ, ಆ ದಿನ ಬಾಗಿಲು ಮಾತ್ರ ಅರ್ಧ ತೆರೆದೇ ಇರುತ್ತಿತ್ತು. ಹೋಗಿ ಸಮಾಧಾನ ಮಾಡಬಾರದೇ ಎಂದರೆ, ಸಮಾಧಾನ ಮಾಡಿದರೆ ಪಾಸು ಮಾಡಿದ ಹಾಗೇ ಎನ್ನುತ್ತಿದ್ದಳು.

ಬೇಸಗೆ ಶುರುವಾದ ಮೇಲೆ ಒಂದು ಸಂಜೆ ಕಾರ್ಖಾನೆ ಬಿಟ್ಟಾಗ ಹುಡುಗಿ ಗೇಟಿನಲ್ಲಿ ನಿಂತಿದ್ದಳು. ಅಕ್ಕ ಹೆಜ್ಜೆ ಜೋರು ಮಾಡಿ ಹತ್ತಿರ ಹೋದಳು. ಹುಡುಗಿ ಕೇಳಿದ್ದು ಗುಂಡಿಯಮ್ಮನನ್ನು. ಅವಳನ್ನು ಕ್ಯಾಂಟೀನ್ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಎಲ್ಲಿ ಆಕಳಿಕೆ ಬಂತು, ಯಾರ ಮೇಲೆ ಅನುಮಾನ ಬಂತು, ದೆವ್ವವನ್ನು ಕಂಡರೆ ಯಾಕೆ ಹೆದರಿಕೆಯಾಗಲಿಲ್ಲ ಎಂದು ಬಿಡದೆ ಕೇಳತೊಡಗಿದಳು. ಗುಂಡಿಯಮ್ಮನೂ ಮುಲಾಜಿಲ್ಲದೆ ಹೇಳತೊಡಗಿದಳು. ಸಾಲಿನ ಉಳಿದವರೂ ಚೀಲ ಕೆಳಗಿಟ್ಟು ಸುತ್ತ ಕೂತರು, ತಮ್ಮತಮ್ಮಲ್ಲೇ ಜಗಳಕ್ಕೂ ಬಿದ್ದರು.

ಅಕ್ಕ ಪಕ್ಕದಲ್ಲಿ ನಿಂತೇ ಇದ್ದಳು. ತಡೆಯಲಾರದೆ ನಡುವೆ ಬಾಯಿ ಹಾಕಿದಳು. ಹುಡುಗಿ ತಲೆ ಎತ್ತಿದಳು.

"ಅತ್ತೆ, ನಿನ್ನ ತೀರ್ಪು ಕೇಳಾಯ್ತು. ನೀನು ಮನೆಗೆ ಹೋಗಿರು. ನಂಗೆ ಇವರ ಹತ್ರ ಕೇಳೋದು ಇನ್ನೂ ಇದೆ."

ಅಕ್ಕ ಅಲ್ಲಿಂದ ಸೀದಾ ನನ್ನ ಮನೆಗೆ ಬಂದಳು. ಚೀಲವನ್ನೂ ಕೆಳಗಿಡದೆ, ಬಾಗಿಲಲ್ಲೇ ನಿಂತು, ಮುಖವರಳಿಸಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು: "ನನ್ನನ್ನೇ ಹೋಗು ಅಂದ್ಬಿಟ್ಲು ಕಣೋ, ನಮ್ಮ ಹುಡುಗಿ."