ಒನ್ಸ್ ಮೋರ್ ಜಯಪ್ಪ

ಭದ್ರಾವತಿಯ ಜನ್ನಾಪುರದಲ್ಲಿ ಯಾವ ಸಂಘದವರು ಕಾರ್ಯಕ್ರಮ ಮಾಡಿದರೂ ಕರಪತ್ರದ ಕೊನೆಯಲ್ಲಿ ಒಂದು ಸಾಲು ಕಾಯಂ: ‘ಶ್ರೀ ಜಯಪ್ಪನವರಿಂದ ಡೈಲಾಗ್’. ಯಾವ ಡೈಲಾಗ್ ಎಂದು ಬರೆಯುವ ಪದ್ಧತಿಯಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಅಚ್ಚು ಹಾಕಿಸಿ ಶಾಯಿ ಯಾಕೆ ದಂಡ ಮಾಡಬೇಕು?

ಜಯಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ಮೀಸೆ ಬರುವ ವಯಸ್ಸಿನಲ್ಲಿ ಓಲ್ಡ್ ಟೌನಿನ ಟಾಕೀಸಿನಲ್ಲಿ ಒಂದು ಸಿನಿಮಾ ನೋಡಿದ್ದ. ಬಸ್ ಕಂಡಕ್ಟರನೊಬ್ಬ ಚುನಾವಣೆ ಗೆದ್ದು ಮಂತ್ರಿಯಾಗಿ, ಕೊನೆಗೆ ವಿಧಾನಸಭೆಯಲ್ಲಿ ಎದ್ದು ನಿಂತು ಭ್ರಷ್ಟರ ನೀರಿಳಿಸುವ ಕಥೆ. ಜಯಪ್ಪ ಅಂದು ಟಾಕೀಸಿನಿಂದ ಹೊರಬಂದವನು ಇವತ್ತಿಗೂ ಪೂರ್ತಿ ಹೊರಬಂದಿಲ್ಲ. ಆ ಕೊನೆಯ ಭಾಷಣ ಅವನಿಗೆ ರಾಮನಾಮದ ಹಾಗೆ ಬಾಯಿಗೆ ಅಂಟಿಕೊಂಡಿದೆ.

“ಜನ ಟಿಕೆಟ್ ತಗೊಂಡು ಬಸ್ ಹತ್ತಿದ್ರು. ನೀವು ಸ್ಟೀರಿಂಗ್ ಮಾರಿದ್ರಿ, ಚಕ್ರ ಮಾರಿದ್ರಿ, ಕೊನೆಗೆ ರಸ್ತೇನೂ ಮಾರಿ, ಬಸ್ ಯಾಕೆ ಮುಂದೆ ಹೋಗ್ತಿಲ್ಲ ಅಂತ ಜನರನ್ನೇ ಕೇಳ್ತೀರಾ? ಇಳೀರಿ! ನಿಮ್ಮ ಸ್ಟಾಪ್ ಬಂತು!”

‘ಸ್ಟಾಪ್ ಬಂತು’ ಅನ್ನುವಾಗ ಬಲಗಾಲಿನಿಂದ ವೇದಿಕೆಯನ್ನು ಒದೆಯಬೇಕು. ಸಿನಿಮಾದಲ್ಲಿ ಆಗ ಗುಡುಗು ಬರುತ್ತದೆ. ಜನ್ನಾಪುರದಲ್ಲಿ ಶಿಳ್ಳೆ ಬರುತ್ತದೆ.

ಇಂಥ ಸಿನಿಮಾಗಳ ಮಹಿಮೆಯೇ ಅಂಥದ್ದು. ಎರಡೂವರೆ ಗಂಟೆಯಲ್ಲಿ ದೇಶ ಸರಿಹೋಗುತ್ತದೆ, ಊಟದ ಹೊತ್ತಿಗೆ ಮನೆಗೂ ಬರಬಹುದು. ನಾವು ಮಾಡಬೇಕಾದ್ದು ಕಣ್ಣೊರೆಸಿಕೊಳ್ಳುವುದಷ್ಟೇ. ಜಯಪ್ಪ ಮನೆಯ ಖಾತೆ ಮಾಡಿಸಲು ಹೋದಾಗ ಗುಮಾಸ್ತರಿಗೆ ‘ಕಾಫಿ ಖರ್ಚು’ ಕೊಟ್ಟು ಕೈಮುಗಿದು ಬಂದಿದ್ದ. ಅದೇ ಸಂಜೆ ಟಿವಿಯಲ್ಲಿ ಕಂಡಕ್ಟರ್ ಮಂತ್ರಿ ಲಂಚದ ಕವರನ್ನು ಹರಿದು ಬಿಸಾಕಿದಾಗ ಬಿಕ್ಕಿ ಬಿಕ್ಕಿ ಅತ್ತಿದ್ದ. ಎರಡೂ ಅಪ್ಪಟ ಪ್ರಾಮಾಣಿಕವಾಗಿಯೇ ಮಾಡಿದ ಕೆಲಸ. ಒಂದಕ್ಕೊಂದು ಸಂಬಂಧ ಇರಬಹುದು ಎಂದು ಅವನಿಗೆ ಹೊಳೆಯಲಿಲ್ಲ, ಅಷ್ಟೆ.

ಹೊಳೆದದ್ದು ಅವನ ಹೆಂಡತಿ ಬಂಗಾರಮ್ಮನಿಗೆ. ಆದರೆ ಆಕೆ ಆಗ ಏನೂ ಅನ್ನಲಿಲ್ಲ. ಆಕೆ ಬಾಯಿ ಬಿಟ್ಟದ್ದು ಚರಂಡಿಗೆ ಬಿದ್ದ ಮೇಲೆ.

ಅವರ ಕ್ರಾಸಿನ ತುದಿಯಲ್ಲಿ, ಮನೆಯ ಗೇಟಿಗೆ ಕಾಣುವಷ್ಟು ಹತ್ತಿರ, ಹಾಲಿನ ಬೂತಿಗೆ ಹೋಗುವಲ್ಲಿ, ಚರಂಡಿ ದಾಟಬೇಕು. ಮಳೆಗಾಲದಲ್ಲಿ ಹೂಳೆತ್ತಲು ಬಂದವರು ಮೇಲಿನ ಚಪ್ಪಡಿ ತೆಗೆದರು. ತೆಗೆಯುವಾಗ ಅದು ಎರಡು ಹೋಳಾಯಿತು. ಹೂಳು ಎತ್ತಿದರು, ಹೋಳುಗಳನ್ನೂ ಎತ್ತಿಕೊಂಡು ಹೋದರು, ಹೋದವರು ಹೋದರು. ದೀಪಾವಳಿಯ ಹಿಂದಿನ ದಿನ ಬಂಗಾರಮ್ಮ ಹಾಲು ಹಿಡಿದುಕೊಂಡು ಬರುವಾಗ ಕಾಲು ಜಾರಿ ಒಳಕ್ಕೆ ಬಿದ್ದಳು. ಎಡಗೈ ಮುರಿಯಿತು. ಹಬ್ಬಕ್ಕೆ ಮನೆಯಲ್ಲಿ ಹೋಳಿಗೆ ಬದಲು ಪ್ಲಾಸ್ಟರ್ ಬಂತು.

ಅಂದಿನಿಂದ ಅಡುಗೆಮನೆ ಜಯಪ್ಪನ ಪಾಲಿಗೆ. ಅವನು ಮಾಡಿದ ಕಾಫಿಯನ್ನು ಬಂಗಾರಮ್ಮ ಔಷಧಿ ಕುಡಿಯುವ ಮುಖದಲ್ಲಿ ಕುಡಿಯುತ್ತಿದ್ದಳು. ಒಂದು ಬೆಳಿಗ್ಗೆ ಅವನು ಹಾಲು ಉಕ್ಕುವುದನ್ನು ಕಾಯುತ್ತ, “ಇಳೀರಿ! ನಿಮ್ಮ ಸ್ಟಾಪ್ ಬಂತು!” ಎಂದು ಅಭ್ಯಾಸ ಮಾಡುತ್ತಿದ್ದ. ಹಾಲು ಇಳಿಯಲಿಲ್ಲ, ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

“ಉತ್ತರನ ಪೌರುಷ ಒಲೆ ಮುಂದೆ ಅಂತ ಕೇಳಿದ್ದೆ, ಈಗ ಕಣ್ಣಾರೆ ನೋಡ್ದೆ,” ಎಂದಳು ಬಂಗಾರಮ್ಮ.

“ಕಲೆ ಕಣೇ ಮಾರಾಯ್ತಿ. ನಿಂಗೆ ಅರ್ಥ ಆಗಲ್ಲ.”

“ಆಗದೆ ಏನು? ರೀ, ಮದುವೆ ಆದಾಗಿನಿಂದ ನಿಮ್ಮನ್ನ ಏನೂ ಕೇಳಿಲ್ಲ. ಈಗೊಂದು ಕೇಳ್ತೀನಿ. ರಾಜ್ಯೋತ್ಸವಕ್ಕೆ ಮೆಂಬರ್ ಜಂಬಣ್ಣ ಮುಂದೇನೇ ಕೂತಿರ್ತಾರೆ. ನಿಮ್ಮ ಡೈಲಾಗಿನ ನಡುವೆ ಒಂದು ಮಾತು ಸೇರಿಸಿ. ನಮ್ಮ ಕ್ರಾಸಿನ ಚರಂಡಿಗೆ ಚಪ್ಪಡಿ ಹಾಕ್ಸಿ, ನನ್ನ ಹೆಂಡ್ತಿ ಬಿದ್ದು ಕೈ ಮುರ್ಕೊಂಡ್ಲು ಅಂತ. ಅಷ್ಟೇ.”

“ಅವರ ಮನೆಗೇ ಹೋಗಿ ಹೇಳಿದ್ರಾಯ್ತು ಕಣೇ.”

“ಹೋಗಿ ಹೇಳಿ ಮತ್ತೆ.”

ಜಯಪ್ಪ ಒಲೆ ಒರೆಸಲು ಬಟ್ಟೆ ಹುಡುಕಿದ. ನಗರಸಭೆಯ ಸದಸ್ಯ ಜಂಬಣ್ಣನವರ ಮನೆಗೆ ಅವನು ಹೋಗಿರಲಿಲ್ಲ ಅಂತಲ್ಲ. ಎರಡು ಬಾರಿ ಹೋಗಿದ್ದ. ಎರಡು ಬಾರಿಯೂ ಗೇಟಿನ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, “ಏನ್ ಜಯಪ್ಪಣ್ಣ, ಸೌಖ್ಯನಾ?” ಎಂದು ಅವರು ಕೇಳಿದ ಕೂಡಲೇ, “ಸೌಖ್ಯ ಸರ್, ಹಂಗೇ ಬಂದೆ” ಎಂದು ಹೇಳಿ ವಾಪಸು ಬಂದಿದ್ದ. ವೇದಿಕೆಯ ಮೇಲೆ ಮಾತ್ರ ಅವನ ನಾಲಿಗೆಗೆ ಮೂಳೆ ಬರುತ್ತಿತ್ತು. ಕೊನೆಗೆ, “ಆಯ್ತು, ಡೈಲಾಗಿನಲ್ಲೇ ಹೇಳ್ತೀನಿ” ಎಂದು ಹೆಂಡತಿಯ ಪ್ಲಾಸ್ಟರ್ ಮುಟ್ಟಿ ಮಾತು ಕೊಟ್ಟ.

ಅಷ್ಟರಲ್ಲಿ ಆ ಸಿನಿಮಾ ಹೊಸ ಬಣ್ಣ, ಹೊಸ ಸೌಂಡಿನೊಂದಿಗೆ ಶಿವಮೊಗ್ಗದಲ್ಲಿ ಮರುಬಿಡುಗಡೆಯಾಯಿತು. ಜಂಬಣ್ಣನವರು ಮಾಲ್‌ನಲ್ಲಿ ಒಂದು ಶೋ ಪೂರ್ತಿ ಬುಕ್ ಮಾಡಿ, ವಾರ್ಡಿನ ಜನರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. “ಯುವಕರು ಇಂಥ ಆದರ್ಶ ನೋಡಿ ಕಲೀಬೇಕು” ಎಂದು ಫ್ಲೆಕ್ಸ್ ಹಾಕಿಸಿದ್ದರು. ಫ್ಲೆಕ್ಸಿನಲ್ಲಿ ಕಂಡಕ್ಟರ್ ಮಂತ್ರಿ ಅಂಗೈಯಗಲ, ಜಂಬಣ್ಣನವರು ಆಳೆತ್ತರ.

ಜಯಪ್ಪನಿಗೆ ಅವರ ಪಕ್ಕದ ಸೀಟೇ ಸಿಕ್ಕಿತು. ವಿಧಾನಸಭೆಯ ದೃಶ್ಯ ಬಂದಾಗ ಅವನು ತುಟಿ ಆಡಿಸುತ್ತ ಓರೆಗಣ್ಣಿನಲ್ಲಿ ನೋಡಿದ. ಜಂಬಣ್ಣನವರು ಕರವಸ್ತ್ರ ತೆಗೆದು ಗಳಗಳ ಅಳುತ್ತಿದ್ದರು. ಸುಳ್ಳು ಅಳುವಲ್ಲ, ಮೂಗು ಸೋರುವ ಅಳು. “ಇಂಥೋರು ಬೇಕು ಜಯಪ್ಪಣ್ಣ. ಈ ಕಳ್ಳನನ್ನಮಕ್ಕಳಿಗೆ ಇಂಥೋನೇ ಬೇಕು,” ಎಂದು ಅವನ ತೊಡೆ ತಟ್ಟಿದರು. ಸಿನಿಮಾ ನೋಡುವಾಗ ಥಿಯೇಟರಿನಲ್ಲಿ ಕೂತವರೆಲ್ಲರೂ ಕಂಡಕ್ಟರುಗಳೇ. ಕಳ್ಳ ಅಂದರೆ ಯಾವಾಗಲೂ ಈ ಶೋಗೆ ಬರದೇ ಇದ್ದವನು.

ಜಯಪ್ಪನಿಗೆ ಹೊಟ್ಟೆ ತಂಪಾಯಿತು. ಇಷ್ಟು ಅಳುವ ಮನುಷ್ಯ ಒಂದು ಚಪ್ಪಡಿ ಹಾಕಿಸದೇ ಇರುತ್ತಾನೆಯೇ?

ರಾಜ್ಯೋತ್ಸವದ ಸಂಜೆ ಆಟದ ಮೈದಾನದಲ್ಲಿ ಶಾಮಿಯಾನ ಎದ್ದಿತು. ಶಾಮಿಯಾನದ ಪ್ರಕಾಶ್ ಡ್ರಮ್ಮುಗಳ ಮೇಲೆ ಹಲಗೆ ಜೋಡಿಸಿ ವೇದಿಕೆ ಮಾಡಿದ್ದ. ಜಂಬಣ್ಣನವರು ಮುಂದಿನ ಸೋಫಾದಲ್ಲಿ, ಬಂಗಾರಮ್ಮ ಹೆಂಗಸರ ಸಾಲಿನಲ್ಲಿ ಕುತ್ತಿಗೆಗೆ ಕೈ ನೇತುಹಾಕಿಕೊಂಡು ಕುಳಿತಿದ್ದರು. ಮಕ್ಕಳ ಕುಣಿತ ಮುಗಿದು ಜಯಪ್ಪನ ಹೆಸರು ಕೂಗಿದರು.

ಅವನು ಖಾಕಿ ಅಂಗಿ ಹಾಕಿ, ಹೆಗಲಿಗೆ ಕಂಡಕ್ಟರ್ ಚೀಲ ಹಾಕಿ ಬಂದ. ಸ್ಟೀರಿಂಗ್ ಮಾರಿದ್ದಾಯಿತು, ಚಕ್ರ ಮಾರಿದ್ದಾಯಿತು. ಹೆಂಗಸರ ಸಾಲಿನಲ್ಲಿ ಬಿಳಿಯ ಪ್ಲಾಸ್ಟರ್ ಕಂಡಿತು. ಕಣ್ಣು ಮುಚ್ಚಿ ಹೇಳಿಯೇಬಿಟ್ಟ:

“ಚರಂಡಿ ಮೇಲಿನ ಚಪ್ಪಡೀನೂ ಬಿಡ್ಲಿಲ್ಲ ನೀವು! ನಮ್ಮ ಕ್ರಾಸಿನಲ್ಲಿ ನನ್ನ ಹೆಂಡ್ತಿ ಬಿದ್ದು ಕೈ ಮುರ್ಕೊಂಡ್ಲು! ಯಾವಾಗ ಹಾಕಿಸ್ತೀರಿ ಚಪ್ಪಡಿ?”

ಶಿಳ್ಳೆಯೋ ಶಿಳ್ಳೆ. ಜಯಪ್ಪ ಹೊಸ ಡೈಲಾಗ್ ಸೇರಿಸಿದ್ದಾನೆ! ಎಲ್ಲರಿಗಿಂತ ಮೊದಲು ಸೋಫಾದಿಂದ ಎದ್ದು ಚಪ್ಪಾಳೆ ತಟ್ಟಿದವರು ಜಂಬಣ್ಣನವರು. “ಒನ್ಸ್ ಮೋರ್! ಒನ್ಸ್ ಮೋರ್!”

ಮೈದಾನವೆಲ್ಲ “ಒನ್ಸ್ ಮೋರ್” ಎಂದಿತು. ಜಯಪ್ಪನ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಅವನಿಗೆ ಒನ್ಸ್ ಮೋರ್ ಬಂದದ್ದು ಇದೇ ಮೊದಲು. ಮತ್ತೆ ಶುರು ಮಾಡಿದ. ಸ್ಟೀರಿಂಗ್, ಚಕ್ರ. ಚಪ್ಪಡಿಯ ಜಾಗ ಬಂತು. ಈ ಸಲ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇದು ಸಿನಿಮಾ ಅಲ್ಲ, ನಿಜ ಎಂದು ಹೇಳಬಹುದಿತ್ತು. ಆದರೆ ಮಾತು ಎಲ್ಲಿಯೋ ತೊಡರಿತು, ಭಾಷಣದ ಓಟ ನಿಂತುಹೋದೀತು ಎಂದು ಭಯವಾಯಿತು, ಜಂಬಣ್ಣನವರ ಮುಖ ಎದುರಿಗೇ ಇತ್ತು. ಅವನು ಚಪ್ಪಡಿ ದಾಟಿ ನೇರವಾಗಿ ರಸ್ತೆಗೆ ಹೋದ. ‘ಸ್ಟಾಪ್ ಬಂತು’ ಎಂದು ಹಿಂದೆಂದೂ ಒದೆಯದಷ್ಟು ಜೋರಾಗಿ ಒದ್ದ. ಹಲಗೆಯ ಅಂಚು ಚಟ್ ಎಂದು ಸೀಳಿತು.

ಜಂಬಣ್ಣನವರು ವೇದಿಕೆಗೆ ಬಂದು ಶಾಲು ಹೊದಿಸಿ, ಪೇಟ ತೊಡಿಸಿ, ಮೈಕ್ ಹಿಡಿದರು. “ಜಯಪ್ಪಣ್ಣ ಚರಂಡಿ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದ್ರು! ಬಂಧುಗಳೇ, ಇದಕ್ಕೆಲ್ಲ ಯಾರು ಕಾರಣ? ನಾವು ಕೇಳಬೇಕು. ಎದೆ ತಟ್ಟಿ ಕೇಳಬೇಕು!” ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಯಾರನ್ನು ಕೇಳಬೇಕು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ರಾಷ್ಟ್ರಗೀತೆಯಾಗಿ ಕಾರ್ಯಕ್ರಮ ಮುಗಿಯಿತು.

ಮನೆಗೆ ಬರುವ ದಾರಿಯಲ್ಲಿ ಜಯಪ್ಪನ ತಲೆಯ ಮೇಲೆ ಪೇಟ ಹಾಗೇ ಇತ್ತು. “ಹೇಳ್ದೆ ನೋಡು! ಮುಖದ ಮೇಲೇ ಹೇಳ್ದೆ!”

“ಒಂದ್ಸಲ ಹೇಳಿದ್ರಿ,” ಎಂದಳು ಬಂಗಾರಮ್ಮ. “ಎರಡನೇ ಸಲ ಯಾಕೆ ನುಂಗಿದ್ರಿ?”

“ಅದು... ಲಯ ಕೆಡ್ತಿತ್ತು ಕಣೇ.”

ಬಂಗಾರಮ್ಮ ನಿಂತಳು. “ನನ್ನ ಕೈ ಮುರಿದದ್ದು ನಿಮ್ಮ ಲಯಕ್ಕೆ ಕೂಡಿ ಬರ್ಲಿಲ್ವಾ?”

ಜಯಪ್ಪ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಚರಂಡಿ ಬಂದಾಗ ಹೆಂಡತಿಗೆ ಕೈ ಕೊಡಲು ಹೋದ. ಆಕೆ ಹಿಡಿಯಲಿಲ್ಲ, ಸುತ್ತು ಬಳಸಿ ಹೋದಳು.

ಮರುದಿನ ಬೆಳಿಗ್ಗೆ ಪ್ರಕಾಶ್ ಶಾಮಿಯಾನ ಬಿಚ್ಚಿ ಸಾಮಾನು ತುಂಬಿಸುತ್ತಿದ್ದ. ಸೀಳಿದ ಹಲಗೆ ನೋಡಿ ಗೊಣಗಿದ. ಅಲ್ಲಿಗೆ ಬಂದಿದ್ದ ಬಂಗಾರಮ್ಮ, “ಅದು ನನಗೇ ಇರಲಿ ಬಿಡಪ್ಪ,” ಎಂದು ಹಲಗೆಯನ್ನು ಅವನ ಗಾಡಿಯಲ್ಲೇ ಹಾಕಿಸಿಕೊಂಡು ಬಂದು ಚರಂಡಿಯ ಮೇಲೆ ಇಡಿಸಿದಳು. ಸೀಳಿದ ಅಂಚು ಯಾರೂ ಕಾಲಿಡದ ಪಕ್ಕಕ್ಕೆ ಬಂತು. ಕಾಲಿಟ್ಟು ನೋಡಿದಳು, ಅಲುಗಲಿಲ್ಲ. ಕಾಫಿ ಲೋಟ ಹಿಡಿದು ಗೇಟಿನಲ್ಲಿ ನಿಂತಿದ್ದ ಗಂಡನಿಗೆ ಹೇಳಿದಳು: “ಇಷ್ಟು ವರ್ಷ ಹಲಗೆ ಮೇಲೆ ನಿಂತು ದೇಶ ಉದ್ಧಾರ ಮಾಡಿದ್ರಿ. ಇವತ್ತು ಹಲಗೇನೇ ಒಂದು ಕೆಲ್ಸ ಮಾಡ್ತು ನೋಡಿ.”

ಆಮೇಲೆ ಆಕೆ ಅವನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬರುವಳು, ಕಾಫಿ ಕೊಟ್ಟರೆ ಕುಡಿಯುವಳು, ಅಷ್ಟೇ. ಕಾಫಿ ಕೆಟ್ಟಿದೆ ಎಂದೂ ಅನ್ನಳು. ಜಯಪ್ಪನಿಗೆ ಬೈಗುಳವೇ ಮೇಲಾಗಿತ್ತು ಅನ್ನಿಸಿತು. ಟಿವಿಯಲ್ಲಿ ಆ ಸಿನಿಮಾ ಮತ್ತೆ ಬಂತು. ಅವನು ಹಾಕಿದ, ಕಂಡಕ್ಟರ್ ಮಂತ್ರಿ ಬಾಯಿ ತೆರೆಯುವುದಕ್ಕೆ ಮುಂಚೆ ಆರಿಸಿದ.

ಒಂದು ದಿನ ಜಯಪ್ಪ ಹಾಲು ತರುವಾಗ ಹಲಗೆಯ ಪಕ್ಕದಲ್ಲಿ ಜಂಬಣ್ಣನವರ ಕಾರು ನಿಂತಿತು. ಅವರು ಇಳಿದು ಬಂದು ಹಲಗೆ ನೋಡಿ ಕಣ್ಣರಳಿಸಿದರು. “ಜಯಪ್ಪಣ್ಣ! ಸ್ವಂತ ಖರ್ಚಲ್ಲಿ ಮಾಡ್ಸಿದ್ರಾ? ನೀವು ಕಣ್ರೀ ನಿಜವಾದ ಕಂಡಕ್ಟರ್! ಬನ್ನಿ, ಇದರ ಮೇಲೆ ನಿಂತ್ಕೊಂಡು ಆ ಡೈಲಾಗ್ ಒಂದ್ಸಲ ಹೊಡೀರಿ. ವಿಡಿಯೋ ಮಾಡಿ ಗ್ರೂಪಿಗೆ ಹಾಕೋಣ.” ಡ್ರೈವರನ ಕೈಗೆ ಫೋನು ಕೊಟ್ಟು, ಜಯಪ್ಪನ ಹೆಗಲ ಮೇಲೆ ಕೈಹಾಕಿ ತಾವೂ ಪಕ್ಕದಲ್ಲಿ ನಿಂತರು.

ಜಯಪ್ಪ ಹಲಗೆಯ ಮೇಲೆ ನಿಂತ. ಎದೆ ತಾನಾಗಿಯೇ ಉಬ್ಬಿತು, ಬಲಗಾಲು ತಾನಾಗಿಯೇ ಮುಂದೆ ಬಂತು. ಅಷ್ಟರಲ್ಲಿ ಗೇಟಿನಲ್ಲಿ ಬಂಗಾರಮ್ಮ ಕಂಡಳು. ಆಕೆ ಏನೂ ಸನ್ನೆ ಮಾಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅವನ ಎದೆ ಇಳಿಯಿತು. ಗಂಟಲಿನಿಂದ ಬಂದದ್ದು ವೇದಿಕೆಯ ದನಿಯಲ್ಲ, ರೇಷನ್ ಅಂಗಡಿಯಲ್ಲಿ ಮಾತಾಡುವ ಸಣ್ಣ ದನಿ.

“ಸರ್, ಇದು ಹಲಗೆ. ಮುಂದಿನ ಮಳೆಗೆ ಕೊಳೆತು ಹೋಗ್ತದೆ. ಇಲ್ಲಿ ಚಪ್ಪಡಿ ಹಾಕ್ಸೋದು ನಿಮ್ಮ ಕೆಲ್ಸ. ನನ್ನ ಹೆಂಡ್ತಿ ಇಲ್ಲೇ ಬಿದ್ದಿದ್ದು.”

ಜಂಬಣ್ಣನವರು ಕ್ಯಾಮೆರಾಗೆ ನಗುತ್ತಲೇ ಕಾದರು. “ಹ್ಞಾಂ, ಆಮೇಲೆ? ಮುಂದಿಂದು ಹೇಳಿ.”

“ಮುಂದೆ ಏನಿಲ್ಲ ಸರ್. ಇಷ್ಟೇ.”

“ಆ ಬಸ್ಸಿಂದು?”

“ಅದು ಸಿನಿಮಾದ್ದು ಸರ್.”

ಜಂಬಣ್ಣನವರ ಕೈ ಹೆಗಲಿನಿಂದ ಮೆಲ್ಲಗೆ ಜಾರಿತು. “ಇದ್ರಲ್ಲಿ ಪಂಚ್ ಇಲ್ಲ ಬಿಡಿ,” ಎಂದು ಫೋನು ವಾಪಸು ತೆಗೆದುಕೊಂಡು, “ನೋಡೋಣ, ನೋಡೋಣ” ಎನ್ನುತ್ತ ಕಾರು ಹತ್ತಿದರು. ಕಾರು ಹೋಯಿತು. ಹಲಗೆ ಇದ್ದ ಹಾಗೇ ಇತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬಹುದಾಗಿದ್ದ ಒಬ್ಬಳ ಒಂದು ಕೈ ಪ್ಲಾಸ್ಟರಿನಲ್ಲಿತ್ತು. ಆಕೆ ಇನ್ನೊಂದು ಕೈಯಿಂದ ಗೇಟು ತೆರೆದು ಹಿಡಿದಳು.

“ಬನ್ನಿ ಒಳಗೆ,” ಎಂದಳು. “ಇವತ್ತು ಕಾಫಿ ನಾನು ಮಾಡ್ತೀನಿ.”